ನೋವು ಒಂದು ಕಡೆ, ಗಂಟು ಇನ್ನೊಂದು ಕಡೆ: ಸ್ನಾಯು ನೋವನ್ನು ಅರಿಯೋಣ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮ ಹುದಿಕೇರಿ ಸುತ್ತಮುತ್ತ ಎರಡು ಕುಯ್ಲು ನಡೆಯುತ್ತವೆ. ಮೊದಲು ರೊಬಸ್ಟಾ ಕಾಫಿ, ಅದರ ಬೆನ್ನಿಗೇ ಕಾಳುಮೆಣಸು. ಅದೇ ತಿಂಗಳುಗಳಲ್ಲಿ ನಮಗೆ ಪೂರ್ವಸಿದ್ಧತಾ ಪರೀಕ್ಷೆ, ಆಮೇಲೆ ವಾರ್ಷಿಕ ಪರೀಕ್ಷೆ. ತೋಟದಲ್ಲಿ ನಿಂತವರಿಗೂ ಪುಸ್ತಕದ ಮುಂದೆ ಕುಳಿತವರಿಗೂ ಈ ಕಾಲದಲ್ಲಿ ಒಂದು ವಿಷಯ ಸಮಾನ. ಅದು ಮೈಕೈ ನೋವು. ನಮ್ಮಲ್ಲಿ ಕೆಲವರಿಗಂತೂ ರಜೆಯ ದಿನ ತೋಟದ ಕೆಲಸ, ರಾತ್ರಿ ಓದು, ಎರಡೂ ಇವೆ.

ಈ ನೋವನ್ನು ನಾವು ಕಾಯಿಲೆ ಎಂದು ಎಣಿಸುವುದಿಲ್ಲ. "ಕೆಲಸ ಮಾಡಿದರೆ ನೋಯದೆ ಇರುತ್ತದೆಯೇ?" ಎಂದು ಸುಮ್ಮನಾಗುತ್ತೇವೆ. ಎರಡು ದಿನದಲ್ಲಿ ಹೋಗುವ ನೋವಿಗೆ ಆ ಮಾತು ಸರಿ. ಆದರೆ ವಾರಗಳು ಕಳೆದರೂ ಹೋಗದ, ಒಂದೇ ಕಡೆ ಕುಟುಕುವ, ಎಕ್ಸ್‌ರೇ ತೆಗೆಸಿದರೆ ಏನೂ ಕಾಣದ ನೋವು ಬೇರೆಯದೇ. ಅದರಲ್ಲಿ ಬಹಳ ಸಾಮಾನ್ಯವಾದ ಒಂದು ವಿಧಕ್ಕೆ ವೈದ್ಯರು ಮಯೋಫೇಶಿಯಲ್ ನೋವು ಎನ್ನುತ್ತಾರೆ. ವಾಣಿಜ್ಯ ವಿಭಾಗದವರಿಗೆ ಈ ವಿಷಯ ಯಾಕೆ ಎಂದು ಗೆಳೆಯರು ಕೇಳಿದರು. ಕುತ್ತಿಗೆ, ಸೊಂಟ ಎಲ್ಲ ವಿಭಾಗದವರಿಗೂ ಇವೆ ಎಂಬುದೇ ನನ್ನ ಉತ್ತರ.

ಹೆಸರಿನ ಗೊಂದಲ

ಸಂಜೆ ಅಬ್ಬಾ ಅಂಗಡಿಯಲ್ಲಿ ಕುಳಿತಿರುವಾಗ ಕುಯ್ಲು ಮುಗಿಸಿ ಬರುವವರು ಬಾಮ್ ಡಬ್ಬಿ ಕೇಳುತ್ತಾರೆ.

"ಭಾಯಿ, ನೋವಿಗೆ ಹಚ್ಚುವ ಡಬ್ಬಿ ಒಂದು ಕೊಡಿ."

"ಎಲ್ಲಿ ನೋವು ಅಕ್ಕ?"

"ಇಲ್ಲೇ, ಭುಜದಲ್ಲಿ. ನರ ಹಿಡ್ಕೊಂಡಿದೆ."

ಮುಂದಿನವರು "ವಾಯು ತುಂಬಿದೆ" ಎನ್ನುತ್ತಾರೆ. ಇನ್ನೊಬ್ಬರು "ಉಳುಕಿದೆ" ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ "ನಸ್ ಚಡ್ ಗಯೀ", ಅಂದರೆ ನರ ಏರಿತು. ಪದಗಳು ಬೇರೆ ಬೇರೆ, ತೋರಿಸುವ ಜಾಗ ಮಾತ್ರ ಹೆಚ್ಚುಕಡಿಮೆ ಒಂದೇ. ಈ ಪದಗಳು ನೋವನ್ನು ಚೆನ್ನಾಗಿ ಹೇಳುತ್ತವೆ, ಆದರೆ ಕಾರಣವನ್ನು ಹೇಳುವುದಿಲ್ಲ. ನರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಗಾಳಿ ಹೋಗಿ ಭುಜದಲ್ಲಿ ಕೂರುವುದಿಲ್ಲ. ಎಷ್ಟೋ ಸಲ ಅಲ್ಲಿ ಬಿಗಿದುಕೊಂಡಿರುವುದು ಸ್ನಾಯು.

ಮಯೋ ಎಂದರೆ ಸ್ನಾಯು. ಫೇಶಿಯಾ ಎಂದರೆ ಸ್ನಾಯುವಿಗೆ ಸುತ್ತಿಕೊಂಡಿರುವ ತೆಳುವಾದ ಗಟ್ಟಿ ಪೊರೆ. ಇದನ್ನು ನೋಡಲು ಪ್ರಯೋಗಾಲಯ ಬೇಕಿಲ್ಲ. ಬಕ್ರೀದ್ ದಿನ ಮನೆಯಲ್ಲಿ ಮಾಂಸ ಕತ್ತರಿಸುವಾಗ ಕೆಂಪು ಮಾಂಸದ ಮೇಲೆ ಹೊಳೆಯುವ ಬಿಳಿ ಪೊರೆ ಇರುತ್ತದೆ, ಅದನ್ನು ಚಾಕುವಿನಿಂದ ಎಳೆದು ತೆಗೆಯುತ್ತಾರೆ. ಆ ಕೆಂಪು ಮಾಂಸವೇ ಸ್ನಾಯು, ಆ ಬಿಳಿ ಪೊರೆಯೇ ಫೇಶಿಯಾ. ನಮ್ಮ ದೇಹದಲ್ಲಿ 600ಕ್ಕೂ ಹೆಚ್ಚು ಸ್ನಾಯುಗಳಿವೆ. ಒಬ್ಬರ ತೂಕದಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಸ್ನಾಯುವೇ ಇರುತ್ತದೆ. ಆದರೂ ನೋವು ಬಂದಾಗ ನಮಗೆ ನೆನಪಾಗುವುದು ಮೂಳೆ ಮತ್ತು ನರ ಮಾತ್ರ.

ಗಂಟು ಹೇಗೆ ಹುಟ್ಟುತ್ತದೆ?

ಸ್ನಾಯು ಸಾವಿರಾರು ಎಳೆಗಳ ಕಟ್ಟು. ಪ್ರತಿ ಎಳೆಯೊಳಗೆ ಆಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ಸಣ್ಣ ತಂತುಗಳು ಇವೆ. ನರದಿಂದ ಆಜ್ಞೆ ಬಂದಾಗ ಎಳೆಯೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಿ, ಈ ತಂತುಗಳು ಒಂದರ ಮೇಲೊಂದು ಜಾರಿ ಸ್ನಾಯು ಗಿಡ್ಡವಾಗುತ್ತದೆ. ಇದಕ್ಕೆ ಎಟಿಪಿ ಎಂಬ ಶಕ್ತಿಯ ಕಣ ಬೇಕು.

ಇಲ್ಲಿ ಒಂದು ಆಶ್ಚರ್ಯದ ಸಂಗತಿ ಇದೆ. ಬಿಗಿಯಲು ಮಾತ್ರವಲ್ಲ, ಸಡಿಲವಾಗಲೂ ಸ್ನಾಯುವಿಗೆ ಎಟಿಪಿ ಬೇಕು. ಪ್ರಾಣಿಯನ್ನು ಕೊಯ್ದ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುವುದು ಇದೇ ಕಾರಣಕ್ಕೆ. ಉಸಿರು ನಿಂತ ಮೇಲೆ ಹೊಸ ಎಟಿಪಿ ಬರುವುದಿಲ್ಲ, ಹಿಡಿದ ತಂತುಗಳು ಬಿಡುವುದಿಲ್ಲ.

ಬದುಕಿರುವ ಸ್ನಾಯುವಿನಲ್ಲೂ ಇಂಥದ್ದೇ ಸಂಕಟ ಒಂದು ಸಣ್ಣ ಜಾಗದಲ್ಲಿ ನಡೆಯುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇದ್ದಾಗ, ಅಥವಾ ಒಂದೇ ಚಲನೆಯನ್ನು ಸಾವಿರ ಸಲ ಮಾಡಿದಾಗ, ಸ್ನಾಯುವಿನ ಒಂದು ಭಾಗ ಬಿಗಿದೇ ಇರುತ್ತದೆ. ಬಿಗಿದ ಸ್ನಾಯು ತನ್ನೊಳಗಿನ ಸಣ್ಣ ರಕ್ತನಾಳಗಳನ್ನು ತಾನೇ ಅದುಮುತ್ತದೆ. ರಕ್ತ ಕಡಿಮೆಯಾದರೆ ಆಮ್ಲಜನಕ ಕಡಿಮೆ, ಎಟಿಪಿ ಕಡಿಮೆ. ಎಟಿಪಿ ಕಡಿಮೆಯಾದರೆ ಸಡಿಲವಾಗಲು ಆಗುವುದಿಲ್ಲ. ಸಡಿಲವಾಗದಿದ್ದರೆ ರಕ್ತ ಬರುವುದಿಲ್ಲ. ಹೀಗೆ ಚಕ್ರ ತಿರುಗುತ್ತದೆ. ಅಲ್ಲಿ ಸೇರುವ ರಾಸಾಯನಿಕಗಳು ನೋವಿನ ನರತುದಿಗಳನ್ನು ಕೆರಳಿಸುತ್ತವೆ. ಇದರ ಸೂಕ್ಷ್ಮ ವಿವರಗಳ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ನಡೆದಿದೆ. ಆದರೆ ಬೆರಳಿಗೆ ಸಿಗುವುದು ಇಷ್ಟು: ಸ್ನಾಯುವಿನಲ್ಲಿ ಹುರಿಯಂತೆ ಬಿಗಿದ ಒಂದು ಪಟ್ಟಿ, ಅದರ ಮೇಲೆ ಒತ್ತಿದರೆ "ಅಯ್ಯೋ, ಇದೇ ನೋವು" ಎನ್ನಿಸುವ ಒಂದು ಬಿಂದು.

ಈ ಬಿಂದುವಿನ ಹೆಸರು ಟ್ರಿಗರ್ ಪಾಯಿಂಟ್. ಕೊಡಗಿನವರಿಗೆ ಈ ಹೆಸರು ಸುಲಭವಾಗಿ ಅರ್ಥವಾಗಬೇಕು. ಕೈಲ್‌ಪೊಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ನಾವೆಲ್ಲ ನೋಡಿದ್ದೇವೆ. ಕೋವಿಯ ಟ್ರಿಗರ್ ಎಳೆಯುವುದು ಇಲ್ಲಿ, ಕಾಯಿ ಒಡೆಯುವುದು ದೂರದ ಮರದಲ್ಲಿ. ಸ್ನಾಯುವಿನ ಗಂಟೂ ಹಾಗೆಯೇ. ಗಂಟು ಇರುವುದು ಒಂದು ಕಡೆ, ನೋವು ಕಾಣುವುದು ಇನ್ನೊಂದು ಕಡೆ.

ನೋವು ಬೇರೆ ಕಡೆ ಯಾಕೆ ಕಾಣುತ್ತದೆ?

ದೇಹದ ಬೇರೆ ಬೇರೆ ಭಾಗಗಳಿಂದ ಬರುವ ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಕೆಲವು ಕಡೆ ಒಂದೇ ಕೋಶದಲ್ಲಿ ಸೇರುತ್ತದೆ. ಅಲ್ಲಿಂದ ಮೆದುಳಿಗೆ ಹೋಗುವ ಸುದ್ದಿಯಲ್ಲಿ ಮೂಲ ವಿಳಾಸ ಸ್ಪಷ್ಟವಾಗಿರುವುದಿಲ್ಲ. ಮೆದುಳು ಒಂದು ಅಂದಾಜು ಮಾಡಿ "ನೋವು ಇಲ್ಲಿದೆ" ಎನ್ನುತ್ತದೆ. ಹೃದಯಾಘಾತದಲ್ಲಿ ಎಡತೋಳು, ದವಡೆ ನೋಯುವುದೂ ಇದೇ ಬಗೆಯ ಅಂದಾಜಿನಿಂದ.

1938ರಲ್ಲಿ ಲಂಡನ್ನಿನಲ್ಲಿ ಜಾನ್ ಕೆಲ್‌ಗ್ರೆನ್ ಎಂಬ ವೈದ್ಯರು ಸ್ವಯಂಸೇವಕರ ಸ್ನಾಯುಗಳಿಗೆ ಗಾಢವಾದ ಉಪ್ಪುನೀರನ್ನು ಚುಚ್ಚಿ, ನೋವು ಎಲ್ಲಿ ಬರುತ್ತದೆ ಎಂದು ಗುರುತು ಹಾಕಿಕೊಂಡರು. ಚುಚ್ಚಿದ ಜಾಗದಿಂದ ದೂರದಲ್ಲೂ ನೋವು ಕಾಣಿಸಿತು. ಆಮೇಲೆ ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್ ಈ ಕೆಲಸವನ್ನೇ ಜೀವನದ ಕೆಲಸವಾಗಿ ಮಾಡಿಕೊಂಡರು. ಅವರು 1901ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡರು. ಜಾನ್ ಎಫ್. ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟವರು ಅವರೇ. 1961ರಲ್ಲಿ ಕೆನಡಿ ಅಧ್ಯಕ್ಷರಾದಾಗ ಅವರ ವೈಯಕ್ತಿಕ ವೈದ್ಯೆಯಾದರು. ಅಮೆರಿಕದ ಅಧ್ಯಕ್ಷರಿಗೆ ಮಹಿಳೆಯೊಬ್ಬರು ಆ ಸ್ಥಾನದಲ್ಲಿದ್ದದ್ದು ಅದೇ ಮೊದಲು. ಕೆನಡಿಯವರ ಪ್ರಸಿದ್ಧ ತೂಗುಕುರ್ಚಿ ಟ್ರಾವೆಲ್ ಅವರ ಸಲಹೆ. ಒಂದೇ ಭಂಗಿಯಲ್ಲಿ ಕುಳಿತಿರುವ ಬದಲು ಬೆನ್ನಿನ ಸ್ನಾಯುಗಳು ಸ್ವಲ್ಪ ಸ್ವಲ್ಪ ಆಡುತ್ತಿರಲಿ ಎಂಬುದು ಅದರ ಉದ್ದೇಶ. 1983ರಲ್ಲಿ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ ಸೇರಿ ಬರೆದ ಕೈಪಿಡಿ ಬಂತು. ಅದರ ಚಿತ್ರಗಳಲ್ಲಿ ಗಂಟಿನ ಜಾಗಕ್ಕೆ ಗುಣಾಕಾರದ ಗುರುತು, ನೋವು ಹರಡುವ ಜಾಗಕ್ಕೆ ಕೆಂಪು ಬಣ್ಣ. ಎಷ್ಟೋ ಚಿತ್ರಗಳಲ್ಲಿ ಗುರುತು ಇರುವ ಕಡೆ ಕೆಂಪು ಇಲ್ಲ.

ನಮ್ಮ ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ತಪ್ಪು ಖಾತೆಗೆ ಬಿದ್ದ ನಮೂದು. ಒಬ್ಬರ ಖಾತೆಗೆ ಬರೆಯಬೇಕಾದ ಮೊತ್ತವನ್ನು ಇನ್ನೊಬ್ಬರ ಖಾತೆಗೆ ಬರೆದರೂ ತಾಳೆ ಪಟ್ಟಿ ಸರಿಯಾಗಿಯೇ ಕೂಡುತ್ತದೆ. ತಾಳೆ ಪಟ್ಟಿ ಸರಿ ಇದೆ ಎಂದ ಮಾತ್ರಕ್ಕೆ ಲೆಕ್ಕ ಸರಿ ಇದೆ ಎಂದಲ್ಲ, ಇದು ನಮಗೆ ಮೊದಲ ವರ್ಷವೇ ಕಲಿಸಿದ ಪಾಠ. ಎಕ್ಸ್‌ರೇಯೂ ಹಾಗೆ. ಅದು ತೋರಿಸುವುದು ಮುಖ್ಯವಾಗಿ ಮೂಳೆಯನ್ನು. "ನಾರ್ಮಲ್" ಎಂದು ಬಂದರೆ ಮೂಳೆ ಸರಿ ಇದೆ ಎಂದು ಅರ್ಥ, ನೋವು ಸುಳ್ಳು ಎಂದು ಅರ್ಥವಲ್ಲ. ತಪ್ಪು ಹುಡುಕಬೇಕಾದರೆ ವೋಚರ್‌ವರೆಗೆ ಹಿಂದಕ್ಕೆ ಹೋಗಬೇಕು. ಇಲ್ಲಿ ವೋಚರ್ ಎಂದರೆ ದಿನದ ಕೆಲಸ: ಕೈ ಎಷ್ಟು ಹೊತ್ತು ಮೇಲಿತ್ತು, ಬೆನ್ನು ಎಷ್ಟು ಹೊತ್ತು ಬಾಗಿತ್ತು, ಚೀಲ ಯಾವ ಭುಜದ ಮೇಲಿತ್ತು.

ದೇಹದ ಭಾಗಗಳು, ಅಲ್ಲಿನ ಗಂಟುಗಳು

1. ತಲೆ ಮತ್ತು ಕುತ್ತಿಗೆ. ತಲೆಯ ಹಿಂಭಾಗದಿಂದ ಭುಜದವರೆಗೆ, ಅಲ್ಲಿಂದ ಬೆನ್ನಿನ ನಡುವಿನವರೆಗೆ ಹರಡಿರುವ ದೊಡ್ಡ ಸ್ನಾಯು ಟ್ರೆಪೀಜಿಯಸ್. ಕುತ್ತಿಗೆ ಮತ್ತು ಭುಜ ಸೇರುವ ಇಳಿಜಾರಿನಲ್ಲಿ ಚಿವುಟಿದರೆ ಕೈಗೆ ಸಿಗುತ್ತದೆ. ಇದರಲ್ಲಿ ಗಂಟು ಇದ್ದರೆ ನೋವು ಕುತ್ತಿಗೆಯ ಬದಿಯಿಂದ ಕಿವಿಯ ಹಿಂದಕ್ಕೆ ಏರಿ ಕಣತಲೆಗೆ ಬರುತ್ತದೆ. ನಾವು ತಲೆನೋವಿನ ಮಾತ್ರೆ ನುಂಗುತ್ತೇವೆ, ಗಂಟು ಭುಜದಲ್ಲೇ ಉಳಿಯುತ್ತದೆ. ತಲೆಯ ತೂಕ ಸುಮಾರು 5 ಕೆಜಿ. ತಲೆ ನೆಟ್ಟಗಿದ್ದರೆ ಆ ಭಾರ ಬೆನ್ನುಮೂಳೆಯ ಮೇಲೆ ಕೂರುತ್ತದೆ. ಮೊಬೈಲ್ ನೋಡಲು ಬಗ್ಗಿಸಿದರೆ ಅದನ್ನು ಕುತ್ತಿಗೆಯ ಹಿಂದಿನ ಸ್ನಾಯುಗಳು ಎಳೆದು ಹಿಡಿಯಬೇಕು. ಒಂದೇ ಭುಜಕ್ಕೆ ಬ್ಯಾಗ್ ನೇತುಹಾಕುವವರು ಅದು ಜಾರದಂತೆ ಆ ಭುಜವನ್ನು ತಿಳಿಯದೆಯೇ ಮೇಲೆತ್ತಿರುತ್ತಾರೆ. ಬಸ್ಸಿಗೆ ಕಾಯುವವರನ್ನು ಒಮ್ಮೆ ಗಮನಿಸಿ.

ಕೆನ್ನೆಯಲ್ಲಿ ಅಗಿಯುವ ಸ್ನಾಯು ಮ್ಯಾಸೆಟರ್. ಪರೀಕ್ಷೆಯ ಚಿಂತೆಯಲ್ಲಿ ಹಲ್ಲು ಕಚ್ಚಿ ಮಲಗುವವರಲ್ಲಿ ಇದು ಬಿಗಿಯುತ್ತದೆ. ಇದರ ನೋವು ದವಡೆ ಹಲ್ಲಿನಲ್ಲಿ ಕಾಣಬಹುದು. ಹಲ್ಲು ನೋಡಿದ ದಂತವೈದ್ಯರು ಹುಳುಕಿಲ್ಲ ಎಂದರೆ ಕೆನ್ನೆಯ ಸ್ನಾಯುವಿನ ಬಗ್ಗೆಯೂ ಕೇಳಬಹುದು.

2. ಭುಜ. ರೊಬಸ್ಟಾ ಕುಯ್ಯುವವರ ಕೈ ಗಮನಿಸಿ. ಒಂದು ಕೈ ತಲೆಗಿಂತ ಮೇಲಿನ ಕೊಂಬೆಯನ್ನು ಬಗ್ಗಿಸಿ ಹಿಡಿದಿರುತ್ತದೆ, ಇನ್ನೊಂದು ಕೈ ಹಣ್ಣು ಉದುರಿಸುತ್ತದೆ. ಆಡುವ ಕೈಗಿಂತ ಸುಮ್ಮನೆ ಹಿಡಿದಿರುವ ಕೈಗೆ ಕಷ್ಟ ಹೆಚ್ಚು. ಆಡುವ ಸ್ನಾಯುವಿಗೆ ನಡುನಡುವೆ ರಕ್ತ ಹರಿಯುತ್ತದೆ, ಹಿಡಿದಿರುವ ಸ್ನಾಯುವಿಗೆ ಆ ಬಿಡುವಿಲ್ಲ. ಭುಜದ ಹಿಂದಿನ ರೆಕ್ಕೆ ಮೂಳೆಯ ಮೇಲೆ ಇನ್‌ಫ್ರಾಸ್ಪೈನೇಟಸ್ ಎಂಬ ಸ್ನಾಯು ಇದೆ. ಇದರ ಗಂಟು ಬೆನ್ನ ಹಿಂದಿದ್ದರೂ ನೋವು ಭುಜದ ಮುಂದೆ, ಕೀಲಿನ ಆಳದಲ್ಲಿ ಕಾಣುತ್ತದೆ, ತೋಳಿನವರೆಗೂ ಇಳಿಯುತ್ತದೆ. ಬಾಮ್ ಹಚ್ಚುವುದು ಮುಂದೆ, ಬೇಕಾಗಿರುವುದು ಹಿಂದೆ. ಕಾಳುಮೆಣಸಿನ ಒಂಟಿ ಬಿದಿರಿನ ಏಣಿಯಲ್ಲಿ ನಿಂತು ಕೈ ಚಾಚುವವರಿಗೂ ಇದೇ ಕಷ್ಟ.

3. ಮೊಣಕೈ ಮತ್ತು ಕೈ. ಬೆರಳುಗಳನ್ನೂ ಮಣಿಕಟ್ಟನ್ನೂ ಹಿಂದಕ್ಕೆ ಎತ್ತುವ ಸ್ನಾಯುಗಳು ಮುಂದೋಳಿನ ಮೇಲ್ಭಾಗದಲ್ಲಿವೆ. ಹಣ್ಣು ಕೀಳುವುದು, ಕತ್ತಿ ಬೀಸುವುದು, ಬಟ್ಟೆ ಹಿಂಡುವುದು, ಮೂರು ಗಂಟೆ ಪೆನ್ನು ಬಿಗಿಯಾಗಿ ಹಿಡಿದು ಬರೆಯುವುದು, ಎಲ್ಲದರಲ್ಲೂ ಇವು ದುಡಿಯುತ್ತವೆ. ನೋವು ಮೊಣಕೈಯ ಹೊರಬದಿಯಲ್ಲಿ, ಕೆಲವೊಮ್ಮೆ ಅಂಗೈಯ ಹಿಂಭಾಗದಲ್ಲಿ ಕಾಣುತ್ತದೆ. ನಮ್ಮ ಅಮ್ಮಿ ಹೊಲಿಗೆ ಯಂತ್ರದಲ್ಲಿ ಕೆಲಸ ಮಾಡುವವರು. ಹಬ್ಬದ ಮುಂಚಿನ ವಾರಗಳಲ್ಲಿ ಕತ್ತರಿ ಹಿಡಿದ ಕೈಯ ಮೊಣಕೈ ನೋವು ಎನ್ನುತ್ತಾರೆ. ಮೊಣಕೈಯಿಂದ ಮೂರು ಬೆರಳು ಕೆಳಗೆ ಒತ್ತಿದರೆ ಗಂಟು ಅಲ್ಲಿ ಸಿಗುತ್ತದೆ.

4. ಎದೆ. ಎದೆಯ ದೊಡ್ಡ ಸ್ನಾಯು ಪೆಕ್ಟೊರಾಲಿಸ್. ಮುಂದಕ್ಕೆ ಕುಗ್ಗಿ ಕುಳಿತು ಓದುವವರಲ್ಲಿ ಇದು ಗಿಡ್ಡವಾಗಿ ಬಿಗಿಯುತ್ತದೆ. ಎಡಬದಿಯಲ್ಲಿ ಗಂಟಿದ್ದರೆ ನೋವು ಎದೆಯಲ್ಲಿ, ಎಡತೋಳಿನ ಒಳಬದಿಯಲ್ಲಿ ಬರಬಹುದು. ಇದು ಹೃದಯದ ನೋವಿನಂತೆಯೇ ಇರುತ್ತದೆ. ಆದ್ದರಿಂದ ಎದೆನೋವನ್ನು ಯಾರೂ ಮನೆಯಲ್ಲಿ ಕುಳಿತು "ಇದು ಸ್ನಾಯು" ಎಂದು ತೀರ್ಮಾನಿಸಬಾರದು. ಮೊದಲು ಇಸಿಜಿ, ಆಮೇಲೆ ಸ್ನಾಯುವಿನ ಮಾತು.

5. ಸೊಂಟ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಬೆನ್ನುಮೂಳೆಯ ಎರಡೂ ಬದಿಯಲ್ಲಿ ಕ್ವಾಡ್ರೇಟಸ್ ಲಂಬೋರಮ್ ಎಂಬ ಸ್ನಾಯು ಇದೆ. ಜುಲೈ ತಿಂಗಳ ನಾಟಿಯಲ್ಲಿ ಬಾಗಿ ಬಾಗಿ, ಕುಯ್ಲಿನಲ್ಲಿ ತುಂಬಿದ ಚೀಲವನ್ನು ಒಂದೇ ಬದಿಗೆ ಹೊತ್ತು ಇದು ಬಿಗಿಯುತ್ತದೆ. ನೋವು ಸೊಂಟದ ಬದಿಯಲ್ಲಿ, ಪೃಷ್ಠದಲ್ಲಿ ಕಾಣುತ್ತದೆ. ಕೆಮ್ಮಿದರೆ, ಹಾಸಿಗೆಯಲ್ಲಿ ಮಗ್ಗುಲಾದರೆ ಚುಚ್ಚುತ್ತದೆ. ರುಕೂನಿಂದ ಏಳುವಾಗ ಸೊಂಟಕ್ಕೆ ಕೈ ಕೊಡುವ ಹಿರಿಯರನ್ನು ನಾವು ಮಸೀದಿಯಲ್ಲೂ ಮನೆಯಲ್ಲೂ ನೋಡುತ್ತೇವೆ. ಎಲ್ಲವೂ ವಯಸ್ಸಿನ ಮೂಳೆ ಸವೆತವಲ್ಲ, ಅದರಲ್ಲಿ ಸರಿಪಡಿಸಬಹುದಾದ ಸ್ನಾಯುವಿನ ಪಾಲೂ ಇರಬಹುದು.

ಪೃಷ್ಠದ ಆಳದಲ್ಲಿ ಗ್ಲುಟಿಯಸ್ ಮಿನಿಮಸ್ ಎಂಬ ಸ್ನಾಯು ಇದೆ. ಇದರ ನೋವು ತೊಡೆಯ ಬದಿಯಿಂದ ಹರಡಿನವರೆಗೂ ಇಳಿಯುತ್ತದೆ. ಜನ ಇದನ್ನು ಸಯಾಟಿಕಾ ಎಂದು ಹೆದರುತ್ತಾರೆ. ನಿಜವಾದ ಸಯಾಟಿಕಾದಲ್ಲಿ ನರದ ಬೇರು ಒತ್ತಿಹೋಗಿರುತ್ತದೆ. ಎರಡನ್ನೂ ಬೇರ್ಪಡಿಸುವುದು ಪರೀಕ್ಷಿಸಿ ನೋಡುವ ವೈದ್ಯರ ಕೆಲಸ.

6. ಕಾಲು. ಮೀನಖಂಡದ ಒಳಪದರದಲ್ಲಿರುವ ಸ್ನಾಯು ಸೋಲಿಯಸ್. ತೋಟದ ಇಳಿಜಾರಿನಲ್ಲಿ ಹತ್ತಿ ಇಳಿಯುವವರಿಗೆ, ಮಳೆಗಾಲದಲ್ಲಿ ಭಾರವಾದ ಗಮ್‌ಬೂಟು ಹಾಕಿ ಕೆಸರಿನಲ್ಲಿ ನಡೆಯುವವರಿಗೆ ಇದರ ಮೇಲೆ ಹೊರೆ ಹೆಚ್ಚು. ಗಂಟು ಮೀನಖಂಡದಲ್ಲಿ, ನೋವು ಹಿಮ್ಮಡಿಯಲ್ಲಿ. ಹಿಮ್ಮಡಿ ನೋವಿಗೆ ಬೇರೆ ಕಾರಣಗಳೂ ಇವೆ, ಆದರೆ ಮೀನಖಂಡವನ್ನು ಒತ್ತಿ ನೋಡಲು ಖರ್ಚಿಲ್ಲ. ಹಾಕಿ ಆಡುವ ಗೆಳೆಯರು ಈ ಮಾತನ್ನು ಗಮನಿಸಬೇಕು. 1997ರಲ್ಲಿ ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಹಬ್ಬ ಆರಂಭವಾದ ಜಿಲ್ಲೆ ನಮ್ಮದು. ಇಲ್ಲಿ ಸ್ಟಿಕ್ ಹಿಡಿಯದ ಊರಿಲ್ಲ. ಬಗ್ಗಿ ಓಡುವ ಆಟವಾದ್ದರಿಂದ ಹಾಕಿಯಲ್ಲಿ ಸೊಂಟ ಮತ್ತು ಮೀನಖಂಡ ಎರಡಕ್ಕೂ ಕೆಲಸ. ಆಟದ ಮರುದಿನ ಬಂದು ಮೂರು ನಾಲ್ಕು ದಿನಗಳಲ್ಲಿ ಹೋಗುವ ನೋವು ಸಹಜ. ಅದು ಉಳಿದುಕೊಂಡು ಒಂದು ಬಿಂದುವಿಗೆ ಸೇರಿದರೆ ಮಾತ್ರ ಗಂಟನ್ನು ಸಂಶಯಿಸಬೇಕು.

ಮಾಡಬೇಕಾದದ್ದು

• ಮೊದಲು ಹುಡುಕಿ. ನೋವಿರುವ ಜಾಗದ ಸುತ್ತ, ಅದಕ್ಕಿಂತ ಮೇಲೆ, ಅದರ ಹಿಂದೆ ಬೆರಳಿನಿಂದ ನಿಧಾನವಾಗಿ ಒತ್ತಿ ನೋಡಿ. ಎಲ್ಲಿ ಒತ್ತಿದರೆ ನಿಮ್ಮ ಪರಿಚಿತ ನೋವೇ ಎದ್ದುಬರುತ್ತದೋ ಅಲ್ಲಿ ಗಂಟು ಇರಬಹುದು.

• ಬಿಸಿ ಶಾಖ. ಬಿಸಿನೀರಿನ ಚೀಲ ಅಥವಾ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್, 15 ನಿಮಿಷ. ಚರ್ಮ ಸುಡಬಾರದು. ಸಕ್ಕರೆ ಕಾಯಿಲೆ ಇದ್ದು ಪಾದದಲ್ಲಿ ಸ್ಪರ್ಶ ಕಡಿಮೆ ಇರುವವರು ಪಾದಕ್ಕೆ ಶಾಖ ಕೊಡಬಾರದು.

• ಒತ್ತಡ. ಬೆನ್ನಿನ ಗಂಟಿಗೆ ಗೋಡೆ ಮತ್ತು ಬೆನ್ನಿನ ನಡುವೆ ಟೆನಿಸ್ ಚೆಂಡು ಇಟ್ಟು ಸುಮಾರು ಅರ್ಧ ನಿಮಿಷ ಮೆಲ್ಲಗೆ ಒರಗಿ. ತಡೆಯುವಷ್ಟು ನೋವು ಸಾಕು. ಕಪ್ಪುಗಟ್ಟುವಂತೆ ತಿಕ್ಕಿದರೆ ಸ್ನಾಯುವಿಗೆ ಗಾಯವಾಗುತ್ತದೆ. ಕುತ್ತಿಗೆಯ ಮುಂಭಾಗವನ್ನು ಒತ್ತಲೇಬಾರದು.

• ಎಳೆತ. ಶಾಖದ ನಂತರ ಸ್ನಾಯುವನ್ನು ನಿಧಾನವಾಗಿ ಉದ್ದ ಮಾಡಿ. ಬಲ ಭುಜಕ್ಕಾದರೆ ಎಡ ಕಿವಿಯನ್ನು ಎಡ ಭುಜದ ಕಡೆ ಬಾಗಿಸಿ 20 ಎಣಿಸಿ. ಮೀನಖಂಡಕ್ಕಾದರೆ ಗೋಡೆಗೆ ಕೈಕೊಟ್ಟು ಹಿಂದಿನ ಹಿಮ್ಮಡಿ ನೆಲಬಿಡದಂತೆ ಮುಂದಕ್ಕೆ ಬಾಗಿ. ಜಗ್ಗಬಾರದು, ಕುಣಿಸಬಾರದು.

• ಬದಲಾವಣೆ. ಇದೇ ಎಲ್ಲಕ್ಕಿಂತ ಮುಖ್ಯ. ಗಂಟು ಹುಟ್ಟಿಸಿದ ಅಭ್ಯಾಸ ಹಾಗೇ ಇದ್ದರೆ ಗಂಟು ಮರಳಿ ಬರುತ್ತದೆ. ಕುಯ್ಯುವಾಗ ಕೊಂಬೆ ಹಿಡಿಯುವ ಕೈ ಬದಲಿಸುವುದು, ಚೀಲವನ್ನು ಅರ್ಧ ತುಂಬಿ ಎರಡು ಸಲ ಹೊರುವುದು, ಬ್ಯಾಗನ್ನು ಎರಡೂ ಭುಜಕ್ಕೆ ಹಾಕುವುದು, ಅರ್ಧ ಗಂಟೆ ಓದಿದ ಮೇಲೆ ಎದ್ದು ಒಂದು ಸುತ್ತು ನಡೆಯುವುದು. ನೆಲದ ಮೇಲೆ ಕುಳಿತು ಓದುವವರು ಪುಸ್ತಕವನ್ನು ತೊಡೆಯ ಮೇಲೆ ಇಡದೆ ಒಂದು ಸ್ಟೂಲಿನ ಮೇಲೆ ಇಟ್ಟರೆ ಕುತ್ತಿಗೆಗೆ ಎಷ್ಟೋ ಹಗುರ.

ಇದರಿಂದ ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ವೈದ್ಯರನ್ನು ಅಥವಾ ಫಿಸಿಯೋಥೆರಪಿಸ್ಟ್ ಅವರನ್ನು ಕಾಣಬೇಕು. ಅವರು ಕೈಯಿಂದ ಗಂಟು ಬಿಡಿಸುತ್ತಾರೆ, ವ್ಯಾಯಾಮ ಕಲಿಸುತ್ತಾರೆ, ಬೇಕಾದರೆ ಗಂಟಿಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆಯೂ ಇದೆ. ಪದೇ ಪದೇ ಬರುವವರಿಗೆ ರಕ್ತಹೀನತೆ, ಥೈರಾಯ್ಡ್, ವಿಟಮಿನ್ ಡಿ ಮತ್ತು ಬಿ12 ಕೊರತೆ ಇದೆಯೇ ಎಂದು ಪರೀಕ್ಷಿಸಬಹುದು. ನಿದ್ದೆ ಕಡಿಮೆಯಾದರೂ ನೋವು ಹೆಚ್ಚುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಗಳಿಗೆ ಈ ಮಾತು ಅನ್ವಯ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ನೋವುಗಳು

• ಎದೆನೋವಿನ ಜೊತೆ ಬೆವರು, ಉಸಿರು ಕಟ್ಟುವುದು, ದವಡೆಗೆ ಅಥವಾ ತೋಳಿಗೆ ನೋವು ಹರಡುವುದು. 108ಕ್ಕೆ ಕರೆ ಮಾಡಿ.

• ಕೈ ಅಥವಾ ಕಾಲಿನಲ್ಲಿ ಬಲ ಕುಗ್ಗುವುದು, ಮರಗಟ್ಟುವುದು. ಸೊಂಟ ನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪುವುದು.

• ಏಣಿಯಿಂದ ಅಥವಾ ಮರದಿಂದ ಬಿದ್ದ ನಂತರದ ಬೆನ್ನು, ಕುತ್ತಿಗೆ ನೋವು. ಇಲ್ಲಿ ತಿಕ್ಕುವುದು, ನೀವುವುದು, ಎಳೆಯುವುದು ಅಪಾಯ.

• ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುವುದು. ಅದು ರಕ್ತ ಹೆಪ್ಪುಗಟ್ಟಿರುವುದರ ಸೂಚನೆ ಇರಬಹುದು. ಮಸಾಜ್ ಮಾಡಲೇಬಾರದು.

• ಜ್ವರದ ಜೊತೆ ಮೀನಖಂಡದಲ್ಲಿ ಬಹಳ ನೋವು, ಕಣ್ಣು ಕೆಂಪು. ಮಳೆಗಾಲದಲ್ಲಿ ಗದ್ದೆಯ ನೀರಿನಲ್ಲಿ ಕೆಲಸ ಮಾಡಿದವರಿಗೆ ಇದು ಇಲಿ ಜ್ವರ ಇರಬಹುದು. ಬೇಗ ಚಿಕಿತ್ಸೆ ಆದರೆ ಗುಣವಾಗುತ್ತದೆ, ತಡವಾದರೆ ಕಿಡ್ನಿಗೆ ಅಪಾಯ.

ಮಾತ್ರೆಯ ಲೆಕ್ಕ

ಕುಯ್ಲಿನ ಕಾಲದಲ್ಲಿ ಕೆಲವರು ದಿನಕ್ಕೊಂದು ನೋವಿನ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ. ಅವರನ್ನು ದೂರುವ ಹಾಗಿಲ್ಲ. ಕುಯ್ದ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವಾಗ ಒಂದು ದಿನ ಮಲಗಿದರೆ ಆ ದಿನದ ಹಣವಿಲ್ಲ. ಆದರೆ ಲೆಕ್ಕವನ್ನು ಪೂರ್ತಿಯಾಗಿ ಬರೆಯೋಣ. ಎರಡು ತಿಂಗಳ ಕುಯ್ಲು ಎಂದರೆ 60 ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಮಾತ್ರೆಗಳನ್ನು ವೈದ್ಯರ ಸಲಹೆ ಇಲ್ಲದೆ ದಿನವೂ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವವರಿಗೆ, ಬಿಪಿ ಮತ್ತು ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಮಾತ್ರೆ ನೋವಿನ ಸುದ್ದಿಯನ್ನು ಕೆಲವು ಗಂಟೆ ತಡೆಯುತ್ತದೆ, ಬಿಗಿದ ಪಟ್ಟಿಯನ್ನು ಬಿಚ್ಚುವುದಿಲ್ಲ. ನೋವು ಗೊತ್ತಾಗದ ಕಾರಣ ಅದೇ ಸ್ನಾಯುವಿನಿಂದ ಇನ್ನಷ್ಟು ಕೆಲಸ ತೆಗೆಯುತ್ತೇವೆ.

ನಾವು ಯಂತ್ರಕ್ಕೆ ವರ್ಷಕ್ಕೊಮ್ಮೆ ಸವಕಳಿ ಬರೆಯುತ್ತೇವೆ, ದುರಸ್ತಿಗೆ ಹಣ ಎತ್ತಿಡುತ್ತೇವೆ. ತೋಟದ ಪಲ್ಪರ್‌ಗೆ, ಕಳೆ ಕತ್ತರಿಸುವ ಯಂತ್ರಕ್ಕೆ ಎಣ್ಣೆ ಹಾಕದೆ ಯಾರೂ ಓಡಿಸುವುದಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ಕರ್ನಾಟಕದ್ದು, ಅದರಲ್ಲಿ ಕೊಡಗಿನ ಪಾಲು ದೊಡ್ಡದು. ಆ ಕಾಫಿಯ ಬಹುಪಾಲು ಹಣ್ಣನ್ನು ಇಂದಿಗೂ ಗಿಡದಿಂದ ಬಿಡಿಸುವುದು ಕೈ. ಹತ್ತು ಗಂಟೆಗೊಮ್ಮೆ, ಮೂರು ಗಂಟೆಗೊಮ್ಮೆ ಐದು ನಿಮಿಷ ಭುಜ ಸಡಿಲಿಸಲು ಬಿಡುವು ಕೊಟ್ಟರೆ ಅದು ಸೋಮಾರಿತನವಲ್ಲ, ದುರಸ್ತಿ ಖರ್ಚು.

ಕೊನೆಗೆ ಒಂದು ಕೋರಿಕೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂದ ಕೂಡಲೇ "ನಾಟಕ", "ಕೆಲಸ ತಪ್ಪಿಸಲು ನೆಪ" ಎಂಬ ಮಾತು ಬರುತ್ತದೆ. ಮನೆಯಲ್ಲಿ ಹೆಣ್ಣುಮಕ್ಕಳೂ ತೋಟದಲ್ಲಿ ಕೂಲಿಯವರೂ ಈ ಮಾತನ್ನು ಹೆಚ್ಚು ಕೇಳುತ್ತಾರೆ. ಅವರಿಗೆ ನೋವು ಇದೆ. ಅದು ರಿಪೋರ್ಟಿನಲ್ಲಿ ಇಲ್ಲ, ಅಷ್ಟೇ. ಮನೆಗೆ ಹೋದ ಮೇಲೆ ನಿಮ್ಮ ಅಮ್ಮ, ಅಜ್ಜಿ ಅಥವಾ ದಾದಿಯನ್ನು "ಎಲ್ಲಿ ನೋಯುತ್ತದೆ?" ಎಂದು ಕೇಳಿ. ಅವರು ತೋರಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಇಡೀ ದಿನ ಯಾವ ಕೆಲಸ ಮಾಡಿದಿರಿ?" ಎರಡನೆಯ ಉತ್ತರದಲ್ಲಿ ಗಂಟಿನ ವಿಳಾಸ ಸಿಗುವ ಸಾಧ್ಯತೆ ಹೆಚ್ಚು.